ಉಚ್ಚೆ ತಡೆಯುವ ಮಿಷನ್ನು

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ನಂಜನಗೂಡಿನಲ್ಲಿ ಹೊರಟು, ಸುತ್ತೂರಿನ ಮೇಲೆ ಟಿ. ನರಸೀಪುರಕ್ಕೆ ಹೋಗಿ, ಜನ ಇಳಿಸಿ ಜನ ಹತ್ತಿಸಿಕೊಂಡು ಅದೇ ದಾರಿಯಲ್ಲಿ ತಿರುಗಿ ಬರುವುದು ನನ್ನ ಕೆಲಸ. ಆ ರಸ್ತೆಯ ಹಂಪುಗಳೆಲ್ಲ ನನಗೆ ಬಾಯಿಪಾಠ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವು ಕಣ್ಣಿಗೂ ಬಿದ್ದಿರಲಿಲ್ಲ. ಮೂತ್ರ ಸೋರಲು ಶುರುವಾದ ಮೇಲೆ ಒಂದೊಂದೂ ಪರಿಚಯವಾಯಿತು. ಹಂಪು ಬರುವ ಮುಂಚೆಯೇ ಸೀಟಿನ ಕಂಬಿ ಹಿಡಿದು, ತೊಡೆ ಬಿಗಿ ಮಾಡಿ, ಉಸಿರು ಕಟ್ಟಿ ನಿಲ್ಲುತ್ತಿದ್ದೆ. ಟಿಕೆಟ್ ಕೇಳುತ್ತಿದ್ದವರು ಕೇಳುತ್ತಲೇ ಇರುತ್ತಿದ್ದರು. ಬಸ್ಸು ಎದ್ದು ಬಿದ್ದು ಮುಂದೆ ಹೋದ ಮೇಲೆ, ಒಳಗೆ ಏನಾಯಿತೆಂದು ಒಂದು ಗಳಿಗೆ ಮೈಯನ್ನೇ ಕೇಳಿಕೊಂಡು, ಆಮೇಲೆ ಟಿಕೆಟ್ ಮಿಷನ್ನಿನ ಗುಂಡಿ ಒತ್ತುತ್ತಿದ್ದೆ.

ಇದಕ್ಕೆಲ್ಲ ಬೀಜ ಬಿದ್ದದ್ದು ಮಗಳು ಹುಟ್ಟಿದಾಗ. ದಪ್ಪ ಮಗು, ಹೆರಿಗೆ ಒಂದು ಹಗಲು ಒಂದು ರಾತ್ರಿ ಎಳೆಯಿತು. ಅದಾದ ಮೇಲೆ ಸೀನಿದರೆ, ಜೋರಾಗಿ ನಕ್ಕರೆ ಎರಡು ಹನಿ ಬೀಳುತ್ತಿತ್ತು. ನನ್ನವ್ವನಿಗೆ ಹೇಳಿದ್ದಕ್ಕೆ, ಹೆತ್ತವರಿಗೆಲ್ಲ ಅದು ಇದ್ದದ್ದೇ ಅಂದಳು. ನಾನೂ ಇದ್ದದ್ದೇ ಎಂದುಕೊಂಡು ವರ್ಷಗಟ್ಟಲೆ ನಡೆಸಿದೆ. ನಲವತ್ತು ದಾಟಿದ ಮೇಲೆ ರಕ್ತಸ್ರಾವ ಹೆಚ್ಚಾಗಿ ಗರ್ಭಕೋಶ ತೆಗೆಸಬೇಕಾಯಿತು. ಅಲ್ಲಿಂದ ಕಟ್ಟೆ ಒಡೆದ ಹಾಗಾಯಿತು. ಸೀನಿದಾಗ ಮಾತ್ರವಲ್ಲ, ಎದ್ದರೆ, ಬಾಗಿದರೆ, ಭಾರ ಎತ್ತಿದರೆ ಸೋರುತ್ತಿತ್ತು. ಅದರ ಜೊತೆಗೆ ಇನ್ನೊಂದು ಸೇರಿಕೊಂಡಿತು. ನಲ್ಲಿಯಲ್ಲಿ ನೀರು ಬೀಳುವ ಸದ್ದು ಕೇಳಿದರೆ, ಮನೆಯ ಬೀಗಕ್ಕೆ ಕೀಲಿ ಹಾಕಿದರೆ, ಈಗಲೇ ಹೋಗಬೇಕು ಎಂದು ಮೈ ಅವಸರಿಸುತ್ತಿತ್ತು. ಬಚ್ಚಲಿನ ಬಾಗಿಲು ಮುಟ್ಟುವುದರೊಳಗೆ ಎಲ್ಲ ಮುಗಿದಿರುತ್ತಿತ್ತು.

ಮನೆಯಲ್ಲಾದರೆ ಬಟ್ಟೆ ಬದಲಾಯಿಸಬಹುದು. ಬಸ್ಸಿನಲ್ಲಿ ಏನು ಮಾಡುವುದು? ಖಾಕಿ ಬಟ್ಟೆಯ ಗುಣ ನಿಮಗೆ ಗೊತ್ತಿಲ್ಲದೆ ಇರಬಹುದು. ಒಂದು ಹನಿ ನೀರು ಬಿದ್ದರೂ ಅಂಗೈಯಷ್ಟು ಕಪ್ಪು ಮಾಡಿ ತೋರಿಸುತ್ತದೆ. ನಾನು ಪ್ಯಾಡಿನ ಮೇಲೆ ಪ್ಯಾಡು ಇಟ್ಟುಕೊಂಡೆ. ಟಿಕೆಟ್ ಬ್ಯಾಗನ್ನು ಪಕ್ಕಕ್ಕೆ ನೇತುಹಾಕುವ ಬದಲು ಮುಂದಕ್ಕೆ ತಂದು ಹೊಟ್ಟೆಯ ಕೆಳಗೆ ಇಳಿಬಿಟ್ಟೆ. ಪೌಡರು ಸುರಿದುಕೊಂಡೆ. ಎಲ್ಲಕ್ಕಿಂತ ಮುಖ್ಯವಾಗಿ ನೀರು ಕುಡಿಯುವುದನ್ನು ಬಿಟ್ಟೆ. ಬೆಳಿಗ್ಗೆ ಒಂದು ಲೋಟ ಕಾಫಿಯ ಮೇಲೆ ಮಧ್ಯಾಹ್ನದವರೆಗೆ ತುಟಿ ಒಣಗಿಸಿಕೊಂಡು ಕೂಗುತ್ತಿದ್ದೆ. ನೀರು ಬಿಟ್ಟರೆ ಉಚ್ಚೆ ಗಟ್ಟಿಯಾಗಿ ಉರಿಯುತ್ತದೆ, ವಾಸನೆ ಹೆಚ್ಚುತ್ತದೆ, ಅವಸರವೂ ಹೆಚ್ಚುತ್ತದೆ ಎಂದು ಆಗ ನನಗೆ ಹೇಳುವವರಿರಲಿಲ್ಲ. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಬಸ್ಸಿನಲ್ಲಿ ಕಾಲಿಡುವುದಕ್ಕೂ ಜಾಗವಿಲ್ಲ. ನನ್ನ ಸೀಟಿನಲ್ಲಿ ಯಾರೋ ಮಗು ಮಲಗಿಸಿರುತ್ತಾರೆ. ಆ ನೂಕುನುಗ್ಗಲಿನಲ್ಲಿ ಮೈಗೆ ಮೈ ತಾಗಿಸಿಕೊಂಡು ನುಸುಳುವಾಗ, ಯಾರಾದರೂ ಸೆರಗನ್ನು ಮೂಗಿಗೆ ಒತ್ತಿಕೊಂಡರೆ ನನ್ನಿಂದಲೇ ಅನ್ನಿಸುತ್ತಿತ್ತು. ಎಷ್ಟೋ ಸಲ ಅದು ನಿಜವೂ ಆಗಿತ್ತು.

ಮನೆಯವರಿಗೆ ಹೇಳಲಿಲ್ಲ. ಅವರು ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟಿನ ಮೇಲೆ ಕೆಲಸ ಮಾಡುತ್ತಾರೆ. ನಾನು ಬರುವ ಹೊತ್ತಿಗೆ ಅವರು ಹೊರಟಿರುತ್ತಾರೆ, ಅವರು ಬರುವ ಹೊತ್ತಿಗೆ ನಾನು. ಜೊತೆಗೆ ಇರುವ ದಿನಗಳಲ್ಲಿ ನಾನು ಮಗಳ ಪಕ್ಕದಲ್ಲಿ ಚಾಪೆ ಹಾಸಿಕೊಂಡೆ. ಸೊಂಟ ನೋವು, ನೆಲದ ಮೇಲೆ ಮಲಗಿದರೆ ಸರಿಹೋಗುತ್ತದೆ ಎಂದೆ. ಅವರು ಒಂದೆರಡು ಸಲ ಕೇಳಿ ಸುಮ್ಮನಾದರು.

ಹೀಗೆ ಮುಚ್ಚಿಟ್ಟುಕೊಂಡು ಬಂದದ್ದು ಒಂದು ಬೇಸಿಗೆಯ ಸೋಮವಾರ ಎಲ್ಲರ ಎದುರಿಗೆ ಬಿಚ್ಚಿಕೊಂಡಿತು. ಟಿ. ನರಸೀಪುರ ಬಿಟ್ಟಾಗಲೇ ಬಸ್ಸು ತುಂಬಿತ್ತು. ನನಗೆ ಒಂದು ವಾರದಿಂದ ಕೆಮ್ಮು. ಸುತ್ತೂರು ಇನ್ನೂ ಸ್ವಲ್ಪ ದೂರವಿರುವಾಗ ಕೆಮ್ಮು ಒತ್ತರಿಸಿಕೊಂಡು ಬಂದು ನಿಲ್ಲಲೇ ಇಲ್ಲ. ಹನಿಯಲ್ಲ, ಎರಡು ಹನಿಯಲ್ಲ, ಪೂರ್ತಿ ಹೋಯಿತು. ಪ್ಯಾಡು ತುಂಬಿ, ಕಾಲಗುಂಟ ಇಳಿದು, ಚಪ್ಪಲಿಯಿಂದ ಬಸ್ಸಿನ ತಗಡಿನ ಮೇಲೆ ಹರಿಯಿತು. ಬಸ್ಸು ಬ್ರೇಕು ಹಾಕಿದ ಕೂಡಲೇ ಮುಂದಿನ ಸೀಟಿನ ಕೆಳಗಿಟ್ಟಿದ್ದ ರೇಷನ್ ಚೀಲದ ಬುಡಕ್ಕೆ ಹೋಯಿತು.

ಆ ಚೀಲದವಳು ಎಳೆ ವಯಸ್ಸಿನ ಒಬ್ಬ ತಾಯಿ. ಪಕ್ಕದಲ್ಲಿ ಅವಳ ಮಗ, ಮೂರು ವರ್ಷದವನಿರಬಹುದು, ಕಂಬಿ ಹಿಡಿದು ನಿಂತಿದ್ದ. ಅವಳು ಚೀಲ ಎತ್ತಿ ನೋಡಿ, ನೆಲ ನೋಡಿ, ಮಗನ ಚಡ್ಡಿಯನ್ನು ನೋಡುವ ಗೋಜಿಗೂ ಹೋಗದೆ ಅವನ ರಟ್ಟೆ ಹಿಡಿದಳು. ಯೋಳಾಕಾಗಲ್ವಾ ನಿಂಗೆ ಎಂದು ಕೈ ಎತ್ತಿದಳು. ಮಗು ಏನೆಂದು ತಿಳಿಯದೆ ಮುಖ ಮುಚ್ಚಿಕೊಂಡಿತು.

ನಾನು ಅವಳ ಕೈ ಹಿಡಿದೆ.

"ಮಗೀಗ್ ಒಡೀಬ್ಯಾಡ ಕಣವ್ವ," ಎಂದೆ. "ಅದು ನಾನು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳ ಕಣ್ಣು ನನ್ನ ಟಿಕೆಟ್ ಬ್ಯಾಗಿನಿಂದ ಕೆಳಕ್ಕೆ, ಕಪ್ಪಾಗಿದ್ದ ಚೂಡಿದಾರಕ್ಕೆ, ಚಪ್ಪಲಿಗೆ ಇಳಿಯಿತು. ಸುತ್ತ ಇದ್ದವರ ಕಣ್ಣೂ ಅದರ ಹಿಂದೆಯೇ ಇಳಿಯಿತು. ಒಬ್ಬ ಮುದುಕ ಮಾತ್ರ ಕಿಟಕಿಯ ಕಡೆ ತಿರುಗಿಕೊಂಡ. ಅವನನ್ನು ನಾನು ಇವತ್ತಿಗೂ ನೆನೆಯುತ್ತೇನೆ. ನಂಜನಗೂಡು ಬರುವವರೆಗೆ ನಾನು ಹಿಂದಿನ ಬಾಗಿಲಲ್ಲಿ, ಮೆಟ್ಟಿಲ ಮೇಲೆ ನಿಂತಿದ್ದೆ. ಸುತ್ತೂರಿನಲ್ಲಿ ಹತ್ತಿದವರಿಗೆ ಟಿಕೆಟ್ ಕೊಡಲಿಲ್ಲ. ಯಾರೂ ಕೇಳಲೂ ಇಲ್ಲ.

ರಜೆ ಹಾಕಿ ಮನೆಯಲ್ಲಿ ಕೂತೆ. ಜ್ವರವೆಂದು ಹೇಳಿದೆ. ಬಾಗಿಲಾಚೆ ಯಾರಾದರೂ ನಕ್ಕರೆ ನನ್ನ ಸುದ್ದಿಯೇ ಎನ್ನಿಸುತ್ತಿತ್ತು. ನಂಜನಗೂಡು ಎಷ್ಟು ದೊಡ್ಡ ಊರು? ತರಕಾರಿಯವಳಿಂದ ಹಿಡಿದು ಮಗಳ ಕಾಲೇಜಿನ ಹುಡುಗಿಯರವರೆಗೆ ಎಲ್ಲರೂ ಬಸ್ಸಿನವರೇ. ಕೆಲಸ ಬಿಡುವುದು ಎಂದು ತೀರ್ಮಾನಿಸಿದೆ. ಬಿಟ್ಟರೆ ಏನು ಮಾಡುವುದೆಂದು ಯೋಚಿಸಿದಾಗ, ಯಾವ ಕೆಲಸದಲ್ಲೂ ಎದ್ದು ಕೂತು ಬಾಗಲೇಬೇಕಲ್ಲ ಅನ್ನಿಸಿತು. ಸೋರುವ ಮೈಯನ್ನು ಮನೆಯಲ್ಲಿ ಬಿಟ್ಟು ಹೋಗಲು ಸಾಧ್ಯವಿರಲಿಲ್ಲ. ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ನೆಪದಲ್ಲಿ ಕಪಿಲಾ ಹೊಳೆಯ ಸೋಪಾನಕಟ್ಟೆಗೆ ಹೋಗಿ, ಸೊಂಟದ ಮಟ್ಟ ನೀರಿಗೆ ಇಳಿದು ನಿಂತೆ. ನೀರಿನೊಳಗೆ ನಿಂತರೆ ಸೋರಿದ್ದು ಯಾರಿಗೂ ಕಾಣುವುದಿಲ್ಲ ಎಂಬ ಯೋಚನೆ ಬಂತು. ಅದರ ಹಿಂದೆಯೇ ಇನ್ನೂ ಕೆಟ್ಟ ಯೋಚನೆ ಬಂತು. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು, ಸೋಪು ಜಾರಿ ಹೋಯಿತು, ಹಿಡಿದುಕೊಡಿ ಎಂದಳು. ಹಿಡಿದುಕೊಟ್ಟು ಮೇಲಕ್ಕೆ ಬಂದೆ. ಅವತ್ತು ಮಧ್ಯಾಹ್ನವೇ ಡಾಕ್ಟರ ಹತ್ತಿರ ಹೋದೆ.

ಆ ಡಾಕ್ಟರಮ್ಮ ಪರೀಕ್ಷೆ ಮಾಡಿ, ನಿಮಗೆ ಎರಡೂ ಬಗೆಯ ತೊಂದರೆ ಇದೆ ಅಂದರು. ಒತ್ತಡ ಬಿದ್ದಾಗ ಸೋರುವುದು ಒಂದು, ಮೂತ್ರಚೀಲ ಅವಸರಪಟ್ಟು ತಾನೇ ಹಿಂಡಿಕೊಳ್ಳುವುದು ಇನ್ನೊಂದು. ಉರಿಗೆ ಮಾತ್ರೆ ಕೊಟ್ಟರು, ನೀರು ಕುಡಿಯಿರಿ ಎಂದು ಗದರಿದರು. ಆಪರೇಷನ್ ಇದೆ, ಆದರೆ ಅದಕ್ಕೆ ಮುಂಚೆ ಕೆಳಗಿನ ಸ್ನಾಯುಗಳಿಗೆ ವ್ಯಾಯಾಮ ಮಾಡಿ ನೋಡೋಣ ಅಂದರು. ಮೂತ್ರವನ್ನು ತಡೆಯುವ ಹಾಗೆ ಒಳಗೆ ಬಿಗಿ ಹಿಡಿದು ಬಿಡಬೇಕಂತೆ. ಮನೆಗೆ ಬಂದು ಮಾಡಿದೆ. ಹೊಟ್ಟೆ ಬಿಗಿಯಾಗುತ್ತಿತ್ತು, ತೊಡೆ ಬಿಗಿಯಾಗುತ್ತಿತ್ತು, ಹಲ್ಲೂ ಬಿಗಿಯಾಗುತ್ತಿತ್ತು. ಬಿಗಿಯಾಗಬೇಕಾದ ಜಾಗ ಎಲ್ಲಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಮತ್ತೆ ಹೋಗಿ ಹೇಳಿದಾಗ, ಮೈಸೂರಿನಲ್ಲಿ ಇದಕ್ಕೇ ಇರುವ ಒಬ್ಬರು ಫಿಸಿಯೋಥೆರಪಿಯವರನ್ನು ನೋಡಿ, ಅವರು ಕರೆಂಟು ಕೊಟ್ಟು ಆ ಸ್ನಾಯುವನ್ನು ಎಬ್ಬಿಸುತ್ತಾರೆ ಅಂದರು.

ಕರೆಂಟು ಎಂಬ ಮಾತು ಕೇಳಿದ ಕೂಡಲೇ ನನಗೆ ಚಿಕ್ಕಪ್ಪ ನೆನಪಾದ. ನನ್ನ ತೌರೂರು ಹೆಡತಲೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಚಿಕ್ಕಪ್ಪ ಗದ್ದೆಗೆ ನೀರು ಬಿಡಲು ಹೋಗಿ, ಒದ್ದೆ ಕೈಯಲ್ಲಿ ಪಂಪ್‌ಸೆಟ್ಟಿನ ಡಬ್ಬಿ ತೆಗೆದವನು ಅಲ್ಲೇ ಅಂಟಿಕೊಂಡ. ನಾನು ಬುತ್ತಿ ತೆಗೆದುಕೊಂಡು ಹೋಗಿದ್ದೆ. ಬದುವಿನ ಮೇಲೆ ನಿಂತು ನೋಡಿದ್ದೇನೆ. ಅಂದಿನಿಂದ ನಮ್ಮ ಮನೆಯಲ್ಲಿ ನೀರಿನ ಕೈಯಲ್ಲಿ ಸ್ವಿಚ್ಚು ಮುಟ್ಟಿದರೆ ಅವ್ವ ಸೌದೆಯಲ್ಲಿ ಹೊಡೆಯುತ್ತಿದ್ದಳು. ನೀರೂ ಕರೆಂಟೂ ಸೇರಬಾರದು ಎಂಬುದು ನನಗೆ ದೇವರ ಮಾತಿಗಿಂತ ದೊಡ್ಡದು. ನನ್ನ ಮೈಯಾದರೋ ಯಾವಾಗಲೂ ಒದ್ದೆ. ಅಂಥ ಜಾಗಕ್ಕೆ ಕರೆಂಟು ಕೊಡುತ್ತಾರೆಂದರೆ?

ಆದರೂ ಹೋದೆ. ಹೋಗದೆ ಇರುವುದಕ್ಕೆ ನನ್ನಲ್ಲಿ ಬೇರೇನೂ ಉಳಿದಿರಲಿಲ್ಲ. ಫಿಸಿಯೋಥೆರಪಿಯವರು ನನಗಿಂತ ಚಿಕ್ಕವರು. ಎದೆಯಲ್ಲಿ ಪೇಸ್‌ಮೇಕರ್ ಏನಾದರೂ ಇದೆಯೇ, ಈಗ ಸೋಂಕಿದೆಯೇ, ರಕ್ತ ಹೋಗುತ್ತಿದೆಯೇ ಎಂದೆಲ್ಲ ಕೇಳಿದರು. ಆಮೇಲೆ ಮಿಷನ್ನು ತೋರಿಸಿದರು. ನನ್ನ ಟಿಕೆಟ್ ಮಿಷನ್ನಿಗಿಂತ ಚಿಕ್ಕದು. ಅದರಿಂದ ಒಂದು ತಂತಿ, ತಂತಿಯ ಕೊನೆಗೆ ಬೆರಳುದ್ದದ ಬಿಳಿ ಕಡ್ಡಿ, ಕಡ್ಡಿಯ ಎರಡು ಮಗ್ಗುಲಲ್ಲಿ ಹೊಳೆಯುವ ಲೋಹದ ಪಟ್ಟಿ. ಅದನ್ನು ಎಲ್ಲಿ ಇಡಬೇಕು ಎಂದು ಅವರು ಹೇಳಿದಾಗ ನಾನು ಎದ್ದು ಚಪ್ಪಲಿ ಹಾಕಿಕೊಂಡೆ. ಅವರು ತಡೆಯಲಿಲ್ಲ. ಚಿಕ್ಕಪ್ಪನ ವಿಷಯವನ್ನು ಬಾಗಿಲಲ್ಲೇ ನಿಂತು ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಇದು ಗೋಡೆಯಿಂದ ಬರೋ ಕರೆಂಟಲ್ಲ," ಅಂದರು. "ಟಾರ್ಚಿಗೆ ಹಾಕುವಂಥ ಸೆಲ್ಲು ಅಷ್ಟೆ. ಹೆಚ್ಚು ಕಡಿಮೆ ಮಾಡೋ ಗುಂಡಿ ನಿಮ್ಮ ಕೈಯಲ್ಲೇ ಇರುತ್ತೆ. ನಾನು ಮುಟ್ಟೋದಿಲ್ಲ."

ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿಕೊಂಡೆ. ಗುಂಡಿ ಒತ್ತಿದಾಗ ಮೊದಲು ಏನೂ ಇಲ್ಲ. ಇನ್ನೊಂದು ಒತ್ತಿದೆ, ಮತ್ತೊಂದು ಒತ್ತಿದೆ. ಒಳಗೆ ಇರುವೆ ಹರಿದ ಹಾಗಾಯಿತು. ಇನ್ನೂ ಒಂದು ಒತ್ತಿದಾಗ, ನಾನು ಏನೂ ಮಾಡದೆಯೇ, ಕೆಳಗೆ ಒಂದು ಜಾಗ ಮುಷ್ಟಿ ಕಟ್ಟಿದ ಹಾಗೆ ತನ್ನಷ್ಟಕ್ಕೆ ಬಿಗಿದುಕೊಂಡಿತು, ಸ್ವಲ್ಪ ಹೊತ್ತು ಹಿಡಿದು ಬಿಟ್ಟಿತು. ಮತ್ತೆ ಬಿಗಿಯಿತು. ಆ ಜಾಗ ಸತ್ತೇಹೋಗಿದೆ ಎಂದುಕೊಂಡಿದ್ದೆ ನಾನು. ಗೊತ್ತಾಯಿತಾ, ಇದನ್ನೇ ನೀವು ಹುಡುಕುತ್ತಾ ಇದ್ದದ್ದು, ಅದು ಬಿಗಿದಾಗ ನೀವೂ ಜೊತೆಗೆ ಬಿಗಿಯಿರಿ ಎಂದು ಅವರು ಹೇಳುತ್ತಿದ್ದರು. ಆಮೇಲೆ ಹೇಳಿದ್ದೇನೂ ಅಳುವಿನಲ್ಲಿ ನನಗೆ ಕೇಳಿಸಲಿಲ್ಲ.

ವಾರವಾರ ಮೈಸೂರಿಗೆ ಹೋಗುವುದು ಡ್ಯೂಟಿಯಲ್ಲಿ ಆಗದ ಮಾತು. ಕೆಲವು ಸಲ ಅವರ ಎದುರಿಗೇ ಮಾಡಿ ಕಲಿತುಕೊಂಡು, ಮನೆಯಲ್ಲಿ ಇಟ್ಟುಕೊಳ್ಳಲು ಅಂಥದ್ದೇ ಒಂದು ಮಿಷನ್ನು ತಂದೆ. ದಿನಕ್ಕೊಮ್ಮೆ, ಹೇಳಿದಷ್ಟು ಹೊತ್ತು ಮಾತ್ರ, ಹೇಳಿದಷ್ಟು ಬಲಕ್ಕೆ ಮಾತ್ರ. ಕಡ್ಡಿಯನ್ನು ಸೋಪಿನಲ್ಲಿ ತೊಳೆದು ಒಣಗಿಸಿ ಇಡಬೇಕು. ಗುಣ ಕಾಣಲು ತಿಂಗಳುಗಟ್ಟಲೆ ಬೇಕು ಎಂದು ಅವರು ಒತ್ತಿ ಹೇಳಿದ್ದರು. ನಮ್ಮ ಮನೆ ಎರಡೇ ಕೋಣೆ. ಮಗಳು ಕಾಲೇಜಿಗೆ, ಮನೆಯವರು ಫ್ಯಾಕ್ಟರಿಗೆ ಹೋದಾಗ ಸಿಕ್ಕಷ್ಟು ಹೊತ್ತಿನಲ್ಲಿ ಅಗುಳಿ ಹಾಕಿಕೊಂಡು ಮಾಡುತ್ತಿದ್ದೆ. ಆಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಬೀರುವಿನ ಹಿಂದಕ್ಕೆ ತಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಡ್ಯೂಟಿಯಿಂದ ಬಂದಾಗ ಮನೆಯವರು ಮಂಚದ ಮೇಲೆ ಕೂತಿದ್ದರು. ಟವೆಲು ಹುಡುಕಿದವರಿಗೆ ಅದು ಸಿಕ್ಕಿತ್ತು. ಮಿಷನ್ನು ಒಂದು ಕಡೆ, ಬಿಳಿ ಕಡ್ಡಿ ಇನ್ನೊಂದು ಕಡೆ, ಎದುರಿಗಿಟ್ಟುಕೊಂಡಿದ್ದರು. ಮುಖ ನೋಡಿದ ಕೂಡಲೇ ಅವರು ಏನು ಅಂದುಕೊಂಡಿದ್ದಾರೆ ಎಂದು ಗೊತ್ತಾಯಿತು.

"ಯಾವೋನ್ ಕೊಟ್ಟ ನಿಂಗಿದ?" ಎಂದು ಕೇಳಿದರು.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನ ಜೊತೆ ಆ ದನಿಯಲ್ಲಿ ಮಾತಾಡಿರಲಿಲ್ಲ. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಟಿಕೆಟ್ ಬ್ಯಾಗು ತೆಗೆದು ಕೆಳಗಿಟ್ಟು, ಖಾಕಿಯ ಮೇಲಂಗಿ ಎತ್ತಿ ನಿಂತೆ. ಅವತ್ತೂ ಒದ್ದೆಯಾಗಿತ್ತು. ನೋಡಿ ಎಂದೆ. ಹೆರಿಗೆಯಿಂದ ಹಿಡಿದು ಬಸ್ಸಿನಲ್ಲಿ ನಡೆದದ್ದರವರೆಗೆ ಎಲ್ಲ ಹೇಳಿದೆ. ಚಾಪೆ ಬೇರೆ ಮಾಡಿದ್ದು ಯಾಕೆಂದೂ ಹೇಳಿದೆ. ನಿಂಗೆ ನಾನು ಬ್ಯಾಡವಾಗಿವ್ನಿ ಅಂದ್ಕಂಡಿದ್ದೆ ಎಂದು ಅವರು ನೆಲಕ್ಕೆ ಹೇಳಿದ ಹಾಗೆ ಹೇಳಿದರು. ಆಮೇಲೆ, "ನಂಗ್ಯಾಕ್ ಯೋಳ್ನಿಲ್ಲ?" ಎಂದರು.

"ಯೋಳಿದ್ರೆ ಏನ್ ಮಾಡ್ತಿದ್ರಿ?"

ಅವರು ಮಿಷನ್ನನ್ನೂ ಕಡ್ಡಿಯನ್ನೂ ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿದರು. ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದರು. ಸಂಜೆ ಬಂದಾಗ ಮಿಷನ್ನಿಗೆ ಬೇಕಾದ ಸೆಲ್ಲಿನ ಪ್ಯಾಕೆಟ್ಟು ತಂದು ಬೀರುವಿನ ಮೇಲೆ ಇಟ್ಟರು. ಅಳತೆ ತಪ್ಪಿತ್ತು, ಗಡಿಯಾರಕ್ಕೆ ಹಾಕುವ ಸಣ್ಣ ಸೆಲ್ಲು. ಅದನ್ನೂ ಮಿಷನ್ನಿನ ಜೊತೆಗೇ ಎತ್ತಿಟ್ಟೆ.

ಹೇಳಿಕೊಂಡ ಮೇಲಾದರೂ ಹಗುರವಾಗಬೇಕಿತ್ತು. ಆದರೆ ಗುಣ ಕಾಣಲಿಲ್ಲ. ಬೇಸಿಗೆ ಮುಗಿಯಿತು, ಮಳೆ ಶುರುವಾಯಿತು, ಒಗೆದ ಬಟ್ಟೆ ಒಣಗದೆ ಹಸಿ ವಾಸನೆಯಲ್ಲೇ ಉಟ್ಟುಕೊಂಡು ಹೋಗುವ ದಿನಗಳು ಬಂದವು. ಪ್ಯಾಡಿನ ಮೇಲೆ ಪ್ಯಾಡು ಹಾಗೆಯೇ ಇತ್ತು. ಒಮ್ಮೊಮ್ಮೆ ಒಂದು ದಿನ ಪರವಾಗಿಲ್ಲ ಅನ್ನಿಸಿ, ಮರುದಿನ ಎರಡರಷ್ಟು ಸೋರುತ್ತಿತ್ತು. ಫೋನ್ ಮಾಡಿ ಕೇಳಿದರೆ ಮುಂದುವರಿಸಿ ಅನ್ನುತ್ತಿದ್ದರು. ಅಗುಳಿ ಹಾಕಿ ಮಲಗಿ ಗುಂಡಿ ಒತ್ತಿದಾಗಲೆಲ್ಲ, ನನ್ನ ಮೈ ನನ್ನ ಮಾತು ಕೇಳದೆ ಇಷ್ಟು ಸಣ್ಣ ಡಬ್ಬಿಯ ಮಾತು ಕೇಳುತ್ತದಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಹೀಗಿರುವಾಗ ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದಳು. ಕೂಲಿಗೆ ಹೋಗುವವಳು, ಕೈಯಲ್ಲಿ ಊಟದ ಡಬ್ಬಿ ಇತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅವತ್ತು ಬಸ್ಸಿನಲ್ಲಿ ಅದು ನಾನು ಅಂದವರು ನೀವೇ ಅಲ್ಲವೇ ಎಂದು ಕೇಳಿದಳು. ಅಣಕಿಸಲು ಬಂದಿದ್ದಾಳೆ ಎಂದುಕೊಂಡು ಹೌದು, ಏನೀಗ ಎಂದೆ.

"ನಂಗೂವೆ ಅಂಗೇ ಕಣಕ್ಕ," ಅಂದಳು. "ಬಾಳ ವರ್ಸದಿಂದ. ನಾಟಿಗ್ ಬಗ್ಗಾಕಾಗಕಿಲ್ಲ. ಅದ್ಯಾವ್ದೋ ಕರೆಂಟ್ ಕೊಡುಸ್ಕತಾವ್ರೆ ಅಂತ ಯಾರೋ ಅಂದ್ರು. ವಾಸಿ ಆಯ್ತಾ ನಿಮ್ಗೆ?"

ಯಾರು ಹೇಳಿದರೋ ನನಗೆ ಗೊತ್ತಿಲ್ಲ. ಮನೆಯಲ್ಲಿ ಎಲ್ಲ ಬಯಲಾದ ಮೇಲೆ ಮಗಳು ಯಾರಿಗಾದರೂ ಹೇಳಿರಬಹುದು. ನಾನು ಇಲ್ಲ ಎಂದೆ. ಆ ಹೊತ್ತಿಗೆ ಅದೇ ನಿಜ. ಅವಳ ಮುಖದಲ್ಲಿ ಇದ್ದದ್ದೇನೋ ಆರಿಹೋಯಿತು. ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು, ಹೋಗಲಿ ಬಿಡಿ ಎಂದು ನನಗೇ ಸಮಾಧಾನ ಹೇಳಿ ತನ್ನ ಊರಿನ ಬಸ್ಸಿನ ಕಡೆ ನಡೆದಳು.

ಅವಳ ನಡಿಗೆ ನನ್ನನ್ನು ಬಿಡಲಿಲ್ಲ. ಕಾಲು ಹತ್ತಿರ ಹತ್ತಿರ ಇಟ್ಟು, ತೊಡೆ ಒತ್ತಿಕೊಂಡು ನಡೆಯುತ್ತಿದ್ದಳು. ನಾನೂ ಹಾಗೆಯೇ ನಡೆಯುತ್ತೇನೆಂದು ಗೊತ್ತಾಯಿತು. ಮನೆಗೆ ಬಂದವಳೇ ಮಿಷನ್ನು ತೆಗೆದೆ. ಇಷ್ಟು ಕೊಟ್ಟರೆ ಆಗುವುದಿಲ್ಲ, ಇನ್ನಷ್ಟು ಕೊಡಬೇಕು ಎಂದು ಹಟ ಹತ್ತಿತು. ಹೇಳಿದ್ದಕ್ಕಿಂತ ಮೇಲಕ್ಕೆ ಒತ್ತಿದೆ. ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಂಡೆ. ನೋಯುತ್ತಿತ್ತು. ನೋಯಲಿ, ನೋವಿದ್ದರೆ ತಾನೇ ಕೆಲಸ ಮಾಡುತ್ತಿದೆ ಎಂದುಕೊಂಡೆ. ಕೆಲವು ದಿನ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹಾಗೇ ಮಾಡಿದೆ. ಆಮೇಲೆ ಒಳಗೆ ಹುಣ್ಣಾಗಿ, ರಕ್ತ ಕಂಡು, ಉರಿಯೆದ್ದು, ಚಳಿಜ್ವರ ಬಂದು ಮಲಗಿದೆ.

ಮನೆಯವರೇ ಮೈಸೂರಿಗೆ ಕರೆದುಕೊಂಡು ಹೋದರು. ಫಿಸಿಯೋಥೆರಪಿಯವರು ನನ್ನನ್ನು ಬೈದರು. ಮೊದಲ ಸಲ ಅವರ ಕಣ್ಣಲ್ಲಿ ಸಿಟ್ಟು ಕಂಡೆ. ಹೊಡೆದು ಎಬ್ಬಿಸಿದರೆ ಮಗು ನಡೆಯುವುದಿಲ್ಲ, ಕೈ ಹಿಡಿದು ನಡೆಸಬೇಕು ಅಂದರು. ಹುಣ್ಣು ಮಾಯುವವರೆಗೆ ಆ ಕಡ್ಡಿಯನ್ನು ಮುಟ್ಟಲೇಬಾರದು, ಆಮೇಲೆ ಮೊದಲಿನಿಂದ ಶುರುಮಾಡಬೇಕು ಎಂದು ತಾಕೀತು ಮಾಡಿದರು. ವಾಪಸು ಬರುವಾಗ ರೈಲಿನಲ್ಲಿ ಮನೆಯವರ ಪಕ್ಕದಲ್ಲಿ ಕೂತು, ಸ್ಟೇಷನ್ನು ಬಂದರೂ ಏಳಲಾಗಲಿಲ್ಲ. ಎದ್ದರೆ ಸೀಟು ಒದ್ದೆಯಾಗಿರುವುದು ಕಾಣುತ್ತದೆ. ಎಲ್ಲರೂ ಇಳಿದ ಮೇಲೆ ಅವರು ತಮ್ಮ ಟವೆಲಿನಿಂದ ಸೀಟು ಒರೆಸಿದರು. ಅದನ್ನು ನೋಡಿದಾಗ ನನಗೆ ಪ್ರೀತಿ ಉಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಸತ್ತಾದರೂ ಹೋಗಬಾರದೇ ಅನ್ನಿಸಿತು.

ಜ್ವರ ಬಿಟ್ಟು ಡ್ಯೂಟಿಗೆ ಹೋದ ಮೊದಲ ದಿನ ನಮ್ಮ ಡ್ರೈವರಿಗೆ ಕೆಲಸ ಬಿಡುತ್ತೇನೆ ಎಂದೆ. ರಿಟೈರಾಗಲು ಹತ್ತಿರವಿದ್ದ ಮನುಷ್ಯ, ನಾನು ಆ ರೂಟಿಗೆ ಬಂದಾಗಿನಿಂದ ಅವರೇ ಡ್ರೈವರು. ಬಸ್ಸಿನಲ್ಲಿ ನಡೆದದ್ದರ ಬಗ್ಗೆ ಅವರು ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಅವತ್ತು ಟೀ ಲೋಟ ಕೆಳಗಿಟ್ಟರು.

"ಬುಡ್ಬ್ಯಾಡಿ ಅಂತ ಯೋಳಾಕೆ ನಾನ್ಯಾರು," ಅಂದರು. "ಆದ್ರೆ ಅಂಪು ಬಂದ್ರೆ ಮೆಲ್ಲಕ್ ಇಳ್ಸೋದು ನಂಗೆ ಅಬ್ಯಾಸ ಆಗ್ಬುಟ್ಟದೆ ಕಣ್ರವ್ವ. ಬ್ಯಾರೆ ಕಂಡಕ್ಟರ್ ಬಂದ್ರೆ ಟೈಮಾಯ್ತು ಅಂತ ನನ್ ಮ್ಯಾಲೆ ರೇಗ್ತಾರೆ."

ಆಗ ಲೆಕ್ಕ ಹಾಕಿ ನೋಡಿದೆ. ಒಂದೆರಡು ವರ್ಷದಿಂದ ನಮ್ಮ ಬಸ್ಸು ಹಂಪುಗಳ ಮೇಲೆ ಎತ್ತಿನ ಗಾಡಿಯ ಹಾಗೆ ಹತ್ತಿ ಇಳಿಯುತ್ತಿತ್ತು. ವಯಸ್ಸಾಯಿತು, ಭಯ ಬಿದ್ದಿದ್ದಾರೆ ಎಂದುಕೊಂಡಿದ್ದೆ. ಕೆಲಸ ಬಿಡುವ ಮಾತನ್ನು ಅವತ್ತಿನ ಮಟ್ಟಿಗೆ ಮುಂದಕ್ಕೆ ಹಾಕಿದೆ.

ಹುಣ್ಣು ಮಾಯುವ ತನಕ ಖಾಲಿ ಕೂರುವುದು ಬೇಡವೆಂದು ಫಿಸಿಯೋಥೆರಪಿಯವರು ಇನ್ನೊಂದು ದಾರಿ ಹಿಡಿದರು. ಅವಸರವನ್ನು ತಗ್ಗಿಸಲು ಕಾಲಿನಿಂದಲೂ ಕರೆಂಟು ಕೊಡಬಹುದಂತೆ. ಕಾಲಿನ ಗಿಣ್ಣಿನ ಒಳಮಗ್ಗುಲಲ್ಲಿ ಒಂದು ನರ ಹೋಗುತ್ತದೆ, ಅದರ ಬೇರು ಬೆನ್ನಿನ ಹತ್ತಿರ ಮೂತ್ರಚೀಲದ ನರಗಳ ನೆರೆಯಲ್ಲೇ ಇದೆ ಎಂದು ಗೋಡೆಯ ಚಿತ್ರದಲ್ಲಿ ತೋರಿಸಿದರು. ಅಂಟುವ ಎರಡು ಪಟ್ಟಿಗಳನ್ನು ಗಿಣ್ಣಿನ ಮೇಲೆ ಅಂಟಿಸಿ ಗುಂಡಿ ಒತ್ತಿದರೆ ಕಾಲಿನ ಹೆಬ್ಬೆರಳು ತಾನಾಗಿಯೇ ತಕತಕ ಕುಣಿಯುತ್ತಿತ್ತು. ಕಾಲಿಗೆ ಕೊಟ್ಟ ಕರೆಂಟು ಹೊಟ್ಟೆಯ ಕೆಳಗನ್ನು ಸುಮ್ಮನಿರಿಸುತ್ತದೆ ಎಂಬುದು ನನಗೆ ನಂಬಿಕೆಯಾಗಲಿಲ್ಲ. ನಂಬದೆಯೇ ಮಾಡಿದೆ. ಇದಕ್ಕೆ ಅಗುಳಿ ಬೇಕಿರಲಿಲ್ಲ. ಮಗಳು ಓದುತ್ತಿದ್ದಾಗ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಮಾಡುತ್ತಿದ್ದೆ. ಹುಣ್ಣು ಮಾಯ್ದ ಮೇಲೆ ಕಡ್ಡಿಯದ್ದನ್ನೂ ಮೊದಲಿನಿಂದ ಶುರುಮಾಡಿದೆ. ಈ ಸಲ ಹೇಳಿದಷ್ಟೇ. ಅದು ಬಿಗಿದಾಗ ನಾನೂ ಬಿಗಿಯುತ್ತಿದ್ದೆ. ಎಷ್ಟೋ ವಾರ ಕಳೆದ ಮೇಲೆ, ಮಿಷನ್ನು ಇಲ್ಲದೆ ನಿಂತಿದ್ದಾಗಲೂ ಆ ಜಾಗವನ್ನು ಹುಡುಕಿ ಹಿಡಿಯಲು ಬಂತು. ಬಸ್ಸಿನಲ್ಲಿ ಒಂದು ಸೀನು ಬರುವ ಮುಂಚೆ ಅದನ್ನು ಬಿಗಿ ಹಿಡಿದೆ. ಎರಡೇ ಹನಿಯಲ್ಲಿ ನಿಂತಿತು.

ಎಲ್ಲ ವಾಸಿಯಾಯಿತು ಎಂದು ಹೇಳಲಾರೆ. ಅವಸರ ತಗ್ಗಿದೆ. ಬೀಗಕ್ಕೆ ಕೀಲಿ ಹಾಕಿ, ಬಾಗಿಲು ತೆಗೆದು, ಬ್ಯಾಗು ಗೂಟಕ್ಕೆ ಸಿಕ್ಕಿಸಿ ಆಮೇಲೆ ಬಚ್ಚಲಿಗೆ ಹೋಗುವಷ್ಟು ಪುರಸೊತ್ತು ಮೈ ಕೊಡುತ್ತದೆ. ಆದರೆ ಕೆಮ್ಮು ಬಂದರೆ ಇನ್ನೂ ಸೋರುತ್ತದೆ. ಪ್ಯಾಡು ಒಂದಕ್ಕೆ ಇಳಿದಿದೆ, ಇಲ್ಲದೆ ಹೊರಟಿಲ್ಲ. ಮಿಷನ್ನಿನಿಂದ ಆಗುವಷ್ಟು ಆಗಿದೆ, ಉಳಿದದ್ದಕ್ಕೆ ಆಪರೇಷನ್ ಯೋಚಿಸಿ ಎಂದು ಡಾಕ್ಟರಮ್ಮ ಹೇಳುತ್ತಾರೆ. ಯೋಚಿಸುತ್ತಲೇ ಇದ್ದೇನೆ. ಮಿಷನ್ನು ಬಿಟ್ಟರೆ ಮತ್ತೆ ಹಳೆಯದು ಬರುತ್ತದೋ ಎಂಬ ಹೆದರಿಕೆ ಪ್ರತಿ ಬೆಳಿಗ್ಗೆ ನನಗಿಂತ ಮುಂಚೆ ಏಳುತ್ತದೆ. ಊಟದ ಡಬ್ಬಿಯ ಆ ಹೆಂಗಸನ್ನು ಟಿ. ನರಸೀಪುರದಲ್ಲಿ ಹುಡುಕುತ್ತಿರುತ್ತೇನೆ. ಸ್ವಲ್ಪ ಪರವಾಗಿಲ್ಲ ಎಂದಾದರೂ ಅವಳಿಗೆ ಹೇಳಬೇಕು. ಇನ್ನೂ ಸಿಕ್ಕಿಲ್ಲ.

ಕಳೆದ ತಿಂಗಳು ಮನೆಯವರ ಕಡೆಯ ಒಂದು ಮದುವೆಗೆ ಹೋಗಿದ್ದೆವು. ವರ್ಷಗಳಿಂದ ನಾನು ಕಪ್ಪು, ಕಂದು ಬಿಟ್ಟು ಬೇರೆ ಬಣ್ಣ ಉಟ್ಟಿರಲಿಲ್ಲ. ಮಗಳು ಹಟ ಮಾಡಿ ತಿಳಿ ಹಳದಿ ಸೀರೆ ಉಡಿಸಿದಳು. ಪಂಕ್ತಿಯಲ್ಲಿ ಪಾಯಸದವರೆಗೂ ಎದ್ದು ಓಡದೆ ಕೂತೆ. ಆಮೇಲೆ ಯಾರೋ ಒಗ್ಗರಣೆ ಹಾಕಿದ ಘಾಟಿಗೆ ಸೀನು ಬಂತು, ಒಂದರ ಹಿಂದೆ ಒಂದು. ಎದ್ದು ನೋಡಿಕೊಳ್ಳುವ ಧೈರ್ಯವಾಗಲಿಲ್ಲ. ಮನೆಯವರು ಗಂಡಸರ ಸಾಲಿನಲ್ಲಿ ಊಟ ಬಿಟ್ಟು ಎದ್ದು, ನನ್ನ ಬದಲಿ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬಂದು ನನ್ನ ಹಿಂದೆ ನಿಂತರು. ಕೈತೊಳೆಯುವ ಜಾಗದವರೆಗೆ ನಾನು ಮುಂದೆ, ಅವರು ಬೆನ್ನಿಗೆ ಅಂಟಿಕೊಂಡ ಹಾಗೆ ಹಿಂದೆ ನಡೆದೆವು. ಒಳಗೆ ಹೋಗಿ ನೋಡಿಕೊಂಡೆ. ಅಂಗೈಯಗಲ ಒದ್ದೆಯಾಗಿತ್ತು, ಹೆಚ್ಚಿಲ್ಲ. ಸೀರೆ ತಿರುಗಿಸಿ ಉಟ್ಟುಕೊಂಡು ಹೊರಗೆ ಬಂದಾಗ, ಅವರು ಗೋಡೆಗೆ ಒರಗಿ ಆ ಚೀಲ ಹಿಡಿದುಕೊಂಡೇ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ನನಗೂ ಒಂದು ಬೀಡಾ ಮಡಿಸಿ ಕೊಟ್ಟರು.